ಒಣಗದ ಮರ

ಐವತ್ತು ವರ್ಷ ದೋಣಿ ಕಟ್ಟಿದ ಮಾವ ಓಡ್ವಾರ್
ಈಗ ಯೇರೆನ್ನಿನ ಈ ಬಯಲಲ್ಲಿ, ನನ್ನ ಕೋಳಿಮನೆಯಲ್ಲಿ
ಮಂಡಿಯೂರಿದ್ದಾನೆ.
ಐದು ವಾರದ ಹೇಂಟೆಮರಿಯನ್ನು ಅಂಗೈಯಲ್ಲಿ ಅಂಗಾತ ಹಿಡಿದು
ಎದೆಯ ನಡುಗೆರೆಗುಂಟ ಹೆಬ್ಬೆರಳು ಓಡಿಸುತ್ತಾನೆ,
ಹಲಗೆಗಳ ಕೂಡಿನಲ್ಲಿ ಬಿರುಕು ಹುಡುಕುವ ಹಾಗೆ.

'ದೋಣಿಯ ಅಡಿಮರವೇ ಇದು,' ಅಂದ.
'ಆದರೆ ಇನ್ನೂ ಒಣಗಿಲ್ಲ.'

ಒಣಗುವುದೂ ಬೇಗ ಅಲ್ಲ.
ಗೂಡಿಗೆ ಮೊದಲ ಮೊಟ್ಟೆ ಬಿದ್ದು
ತಿಂಗಳುಗಳು ಕಳೆದರೂ ಈ ಮೂಳೆಯ ತುದಿ ಮೆತ್ತಗೇ.
ಅದರ ಮೇಲೇ ಇಡೀ ರಾತ್ರಿಯ ಭಾರ.

ಹಿಂದಿನ ತಂಡಕ್ಕಿದ್ದದ್ದು ಉಕ್ಕಿನ ಕೊಳವೆ,
ದುಂಡಗೆ, ನುಣ್ಣಗೆ, ತೊಳೆಯಲು ಸಲೀಸು.
ದೀಪ ಆರಿದ ಮೇಲೆ ಧೊಪ್ಪೆಂದು ಸದ್ದು.
ಸ್ವಲ್ಪ ಬಿಟ್ಟು ಇನ್ನೊಂದು.
ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ.
ಪಶುವೈದ್ಯೆ ಸಿಸೆಲ್ ಬಂದು ನೂರು ಎದೆ ಮುಟ್ಟಿ ನೋಡಿದಳು:
ನಲವತ್ತೊಂದು ಸೊಟ್ಟ.
ಕೋಳಿ ನೋವನ್ನು ಕೂಗುವುದಿಲ್ಲ,
ಕೂತಲ್ಲೇ ಕೂರುತ್ತದೆ, ಅಷ್ಟೇ.
ಅದನ್ನು ನಾನು ಸಾಧುತನ ಅಂದುಕೊಂಡಿದ್ದೆ.

ಮಾವ ಭೂರ್ಜದ ಮರ ತಂದ.
ಮೇಲ್ಮೈ ಚಪ್ಪಟೆ, ಅಂಚು ಮಾತ್ರ ಉಗುರು ಹಿಡಿವಷ್ಟು ಬಾಗು.
'ಸೀಳಿನಲ್ಲಿ ಕೆಂಪುಹೇನು ಸಂಸಾರ ಹೂಡುತ್ತೆ' ಸಿಸೆಲ್ ಎಚ್ಚರಿಸಿದಳು.
ಅಗಸೆಯೆಣ್ಣೆ, ಮೇಣ, ಮತ್ತೆ ಮೇಣ.
ಹೇನು ಪೂರ್ತಿ ಹೋಗಿಲ್ಲ. ನಾನು ಟಾರ್ಚು ಹಿಡಿದು ಹುಡುಕುತ್ತಲೇ ಇದ್ದೇನೆ.

ಮೊದಲ ಸಲ ಅವನು ತಪ್ಪಿದ.
ಹಾಯಿಕಂಬ ನಿಲ್ಲಿಸಿದವನ ಜಂಬ,
ಆಳೆತ್ತರಕ್ಕೆ ಕಟ್ಟಿಬಿಟ್ಟ.
ಹತ್ತಿದವು ಹೇಗೋ ಹತ್ತಿದವು.
ಬೆಳಗಿನಲ್ಲಿ ಇಳಿಯಲೆಂದು ಒಂದು ಮರಿ ಅಂಚಿಗೆ ಬಂತು,
ಕತ್ತು ಚಾಚಿತು, ಹಿಂದೆಗೆಯಿತು, ಮತ್ತೆ ಚಾಚಿತು,
ಹಾರಿತು.
ಎದೆಯೇ ಮೊದಲು ನೆಲಕ್ಕೆ.

ಮಾವ ಏನೂ ಅನ್ನಲಿಲ್ಲ.
ಕಾಫಿಯನ್ನೂ ಮುಟ್ಟದೆ ಗರಗಸ ತಂದು
ಅರ್ಧಕ್ಕರ್ಧ ಇಳಿಸಿದ.
ಅಡ್ಡಪಟ್ಟಿ ಬಡಿದ ಏರುಹಲಗೆ ಒರಗಿಸಿದ,
ದಂಡೆಯಿಂದ ದೋಣಿಗೆ ಹಾಕುವಂಥದ್ದು,
ಅದಕ್ಕಿಂತ ಇಳಿಜಾರು ಕಮ್ಮಿ.
ಮಂಡಿನೋವಿನವನಿಗೆ ಮೆಟ್ಟಿಲು ಗೊತ್ತು ಅಂತ
ಆಮೇಲೆ ನಕ್ಕ.

ಇವತ್ತು ಸಂಜೆ, ಹೊರಗೆ ಕಲ್ಲಿನ ಬೇಲಿಗೆ ಕಡಲಗಾಳಿ ಮೈಯುಜ್ಜುವಾಗ,
ದೀಪವನ್ನು ಒಮ್ಮೆಲೆ ಆರಿಸದೆ
ಅರ್ಧ ಗಂಟೆ ಹಿಡಿದು ಮಂಕು ಮಾಡಿದೆ.
ಒಂದೊಂದೇ ನಡೆದವು. ಹಾರಲಿಲ್ಲ, ನಡೆದವು.
ಸಾಲಿನಲ್ಲಿ ಒತ್ತಿ, ಸರಿದು, ಕುಕ್ಕಿ, ಜಾಗ ಗಿಟ್ಟಿಸಿ
ಮೈ ಇಳಿಬಿಟ್ಟವು.
ಮೈ ಇಳಿದಷ್ಟೂ ಬೆರಳು ತಾನಾಗಿ ಬಿಗಿಯುತ್ತದೆ,
ನಿದ್ದೆಗೆ ಹಾಕಿದ ಗಂಟು.

ಒಂದು ಮಾತ್ರ ಏರುಹಲಗೆಯ ಬುಡದಲ್ಲೇ ನಿಂತಿದೆ,
ಒಂದು ಕಾಲು ಎತ್ತಿಕೊಂಡು.
ಅವತ್ತು ಬಿದ್ದದ್ದು ಇದೇನಾ, ತಿಳಿಯದು. ಎಲ್ಲವೂ ಕಂದು.
ಮಾವ ಮೇವಿನ ಬಕೆಟ್ಟು ಬೋರಲು ಹಾಕಿ ಕೂತ.
'ಊಟ ಆರುತ್ತೆ' ಅಂದೆ.
'ಶ್' ಅಂದ.