ಷರಾ

ಡಬ್ಬಿ ಎಂದೇ ಕರೆಯುತ್ತೇವೆ ನಾವದನ್ನು.
ಎಂಟು ಜನರ ತೂಕ ತಾಳುವ ಕಬ್ಬಿಣದ ಡಬ್ಬಿ,
ಜಾರ್ಜಿಯಾದ ಈ ಮ್ಯಾಂಗನೀಸಿನ ಊರಲ್ಲಿ
ಕಪ್ಪು ನೀರಿನ ಹೊಳೆದಂಡೆಯಿಂದ ಮೇಲಿನ ಗಣಿಗೆ
ಹಗ್ಗ ಹಿಡಿದು ಆರು ನಿಮಿಷ.

ಕೆಲಸ ಹೇಳಿಕೊಟ್ಟವಳು ತ್ಸಿಯಾಲಾ.
ಇದು ಸನ್ನೆಕೋಲು, ಇದು ಗಂಟೆ, ಇದು ದಾಖಲೆ ಪುಸ್ತಕ:
ವೇಳೆ, ಗಾಳಿ, ತಲೆಗಳೆಷ್ಟು,
ಕೊನೆಗೊಂದು ಕಾಲಂ, ಷರಾ.
"ಅದನ್ನು ಮಾತ್ರ ಖಾಲಿ ಬಿಡಬೇಡ."

ಅವಳಿಗೂ ಹಿಂದಿನವನು ಗುರಾಮ್.
ಹನ್ನೊಂದು ವರ್ಷ ಪ್ರತಿ ಸಾಲಿನಲ್ಲೂ ಬರೆದದ್ದು ಒಂದೇ:
ವಿಶೇಷವಿಲ್ಲ.
ಅಷ್ಟರಲ್ಲಿ ಗಣಿ ಎರಡು ಸಲ ಮುಚ್ಚಿ ತೆರೆದಿತ್ತು,
ಯುದ್ಧವೊಂದು ಬಂದು ಹೋಗಿತ್ತು,
ಅವನ ಮಗಳು ಇದೇ ಡಬ್ಬಿಯಲ್ಲಿ
ಮದುವಣಗಿತ್ತಿಯಾಗಿ ಇಳಿದು ಹೋಗಿದ್ದಳು.
ವಿಶೇಷವಿಲ್ಲ, ವಿಶೇಷವಿಲ್ಲ,
ಅಕ್ಷರ ಮಾತ್ರ ದುಂಡಗೆ, ಮುತ್ತು ಪೋಣಿಸಿದ ಹಾಗೆ.

ಮೊದಲ ವಾರ ತ್ಸಿಯಾಲಾ ಅದನ್ನೇ ನಕಲು ಮಾಡಿದಳಂತೆ.
ಎಂಟನೆಯ ದಿನ ಒಬ್ಬಾಕೆ ಹೆಬ್ಬಾತೊಂದನ್ನು
ಕಂಕುಳಲ್ಲಿ ಅವುಚಿಕೊಂಡು ಹತ್ತಿ
"ಇದಕ್ಕೂ ಟಿಕೆಟ್ಟೇ?" ಎಂದಳು.
ಅವತ್ತಿನ ಷರಾ:
ಹೆಬ್ಬಾತು ಒಂದು. ಕಿಟಕಿಯಾಚೆ ನೋಡುತ್ತಿತ್ತು.
ರೆಕ್ಕೆಯಿದ್ದೂ ದುಡ್ಡು ಕೊಟ್ಟು ಹೋಯಿತು.

ನಾನೋ, ಕವಿಯಾಗಲು ಹೊರಟವನು.
ಕೋಣೆಯಲ್ಲಿ ಮೂರು ಚೆಂದದ ನೋಟುಬುಕ್ಕು,
ಮೂರರಲ್ಲೂ ಮೊದಲ ಪುಟಕ್ಕೆ ಮಾತ್ರ ಶಾಯಿ.
ಸ್ಫೂರ್ತಿ ಬರಲೆಂದು ಮೇಣದಬತ್ತಿ ಹಚ್ಚಿಟ್ಟಿದ್ದೆ,
ಸೇತುವೆಯ ಮೇಲೆ ನಡುರಾತ್ರಿ ನಿಂತಿದ್ದೆ.
ಬಂದದ್ದು ನೆಗಡಿ.

ಬರೆಯಲು ಏನೂ ಇಲ್ಲದ ದಿನ ಏನು ಮಾಡುತ್ತೀ, ಕೇಳಿದೆ.
ಅವಳು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು
ಗಂಟೆ ಬಾರಿಸಿದಳು.
ಹೊರಟಿತು ಡಬ್ಬಿ, ಒಳಗೆ ನರಪಿಳ್ಳೆಯಿಲ್ಲ.
"ಖಾಲಿ ಯಾಕೆ ಕಳಿಸಿದೆ, ಹೇಳು?"
ಹೊತ್ತಾಯಿತು, ಅದಕ್ಕೆ.
"ಪೆದ್ದ. ಹಗ್ಗ ಒಂದು, ಡಬ್ಬಿ ಎರಡು.
ಇದು ಹೋಗದೆ ಅದು ಬಾರದು.
ಮೇಲೆ ಯಾರು ಕಾಯುತ್ತಿದ್ದಾರೋ ಇಲ್ಲವೋ
ಇಲ್ಲಿ ಕೂತ ನನಗೇನು ಗೊತ್ತು?"

ಮೂರನೇ ನಿಮಿಷಕ್ಕೆ ಎರಡೂ ನಡುಗಾಳಿಯಲ್ಲಿ ಎದುರಾದವು.
ಆರಕ್ಕೆ ಬಂದು ನಿಂತಿತು ಆ ಇನ್ನೊಂದು.
ಅದೂ ಖಾಲಿ.

ತ್ಸಿಯಾಲಾ ಚಿನ್ನದ ಹಲ್ಲು ಕಾಣುವಷ್ಟು ನಕ್ಕಳು.
"ಎಲ್ಲ ಸಲವೂ ಬರುತ್ತಾರೆ ಅಂದೆನೇ?"
ಬಗ್ಗಿ ಬರೆದಳು:
ಖಾಲಿ ಹೋಗಿ ಖಾಲಿ ಬಂತು.
ಬೆಂಚಿನ ಮೇಲೆ ಯಾರದೋ ಎಡಗೈ ಗವಸು.

ಈಗ ಮೂರನೇ ಚಳಿಗಾಲ, ಕುರ್ಚಿ ನನ್ನದು.
ಆರೂವರೆಗೆ ಬೀಗ ತೆಗೆದು ನೀರು ಕಾಯಲಿಡುತ್ತೇನೆ.
ಶಾಯಿ ಹೆಪ್ಪುಗಟ್ಟಿದ್ದರೆ ಪೆನ್ನನ್ನು ಕಂಕುಳಲ್ಲಿ
ಕಾವಿಗೆ ಇಟ್ಟುಕೊಳ್ಳುತ್ತೇನೆ, ಆ ಹೆಬ್ಬಾತಿನ ಹಾಗೆ.
ಬಹಳ ದಿನ ಷರಾ ಕೆಟ್ಟದಾಗಿಯೇ ಬರುತ್ತದೆ.
ಮಂಜಿಗೆ ಏನೇನೋ ಹೋಲಿಕೆ ಹೊಸೆದು
ಮರುದಿನ ಓದಿದರೆ ಕಿವಿ ಬಿಸಿ.
ಹೊಡೆದು ಹಾಕುವಂತಿಲ್ಲ, ಸರ್ಕಾರಿ ಪುಸ್ತಕ.
ಕೆಳಗಿನ ಸಾಲಿಗೆ ಹೋಗಬೇಕು, ಅಷ್ಟೆ.

ಮೊನ್ನೆ ಕಪಾಟಿನ ತಳದಿಂದ ಗುರಾಮನ ಪುಸ್ತಕ ಎಳೆದು
ಮಗಳ ಮದುವೆಯ ತಾರೀಖು ಹುಡುಕಿದೆ.
ವಿಶೇಷವಿಲ್ಲ.
ಕೊನೆಯ ಅಕ್ಷರದ ಬುಡದಲ್ಲಿ ಮಾತ್ರ
ಕಾಳುಮೆಣಸಿನಷ್ಟು ಮಸಿ,
ಪೆನ್ನು ಏಳದೆ ಅಲ್ಲೇ ಬಹಳ ಹೊತ್ತು ನಿಂತ ಗುರುತು.
ಹಾಳೆ ಮಗುಚಿದೆ,
ಕೆಳಗಿನ ಪುಟಕ್ಕೂ ಇಳಿದಿತ್ತು.

ಏಳು ಹತ್ತು. ಗಾಳಿ ಪಡುವಣ. ತಲೆ ಎರಡು.
ಷರಾ:
ಮೂರನೆಯವನು ಇನ್ನೂ ಮೆಟ್ಟಿಲ ಮೇಲೆ,
ಓಡುತ್ತಿದ್ದಾನೆ, ಟೋಪಿ ಕೈಯಲ್ಲಿ.