ಷರಾ

ಸಹಮಿನಾಚೆ, ಸಮುದ್ರದ ಕೂಗಳತೆಯಲ್ಲಿ,
ಬಾವಿಗೆ ಮಾಪಕ ಇಳಿಬಿಟ್ಟೆ: ಹನ್ನೊಂದೂವರೆ.
ಹುಮೈದ್ ಬಿನ್ ಖಲ್ಫಾನ್ ಅಂಕಿಯ ಕಡೆ ನೋಡಲಿಲ್ಲ,
ಒಂದು ಗುಟುಕು ಬಾಯಿಗೆ ಹಾಕಿ ಉಗಿದ.
"ಅಪ್ಪ ಇದ್ದಾಗ ಇದೇ ನೀರಿಗೆ ಚಹಾ ಕಾಸುತ್ತಿದ್ದೆವು."
ನನ್ನ ಫಾರ್ಮಿನಲ್ಲಿ ಹನ್ನೊಂದೂವರೆಗೆ ಚೌಕವಿದೆ,
ಉಗಿದದ್ದಕ್ಕೆ ಇಲ್ಲ.

ಮೂರು ವರ್ಷದ ಯೋಜನೆ.
ಉಪ್ಪು ತಾಳುವ ಹುಲ್ಲು, ಖರ್ಜೂರದ ಗರಿ ಕೊಚ್ಚುವ ಯಂತ್ರ,
ತಿಂಗಳಿಗೆ ಹತ್ತು ಚೀಲ ಗುಳಿಗೆ-ಮೇವು.
ಎಷ್ಟರಮಟ್ಟಿಗೆ ಸಫಲ? ಒಂದರಿಂದ ಐದು ಅಂಕ.
ಕೊಡಬೇಕಾದವಳು ನಾನು,
ಬೀದರಿನ ಕಾಲೇಜಿನಲ್ಲಿ ಮೇವಿನ ಪೇಪರಿಗೇ
ಎರಡು ಸಲ ಕೂತವಳು.

ಯಂತ್ರ ನೀಲಿ ತಾಡಪಾಲಿನ ಕೆಳಗೆ. ಅದರ ಬಾಯೊಳಗೆ
ಬೆಕ್ಕು ಮರಿ ಹಾಕಿದೆ, ನಾಲ್ಕು, ಇನ್ನೂ ಕಣ್ಣು ಬಿಟ್ಟಿಲ್ಲ.
"ತಮಾಮ್, ತಮಾಮ್," ಎಂದ ಹುಮೈದ್.
ಉಪಯೋಗದಲ್ಲಿದೆಯೇ? ಹೌದು, ಇಲ್ಲ.
ಹೌದು ಎಂದು ಗೀಟು ಹಾಕಿದೆ; ಸುಳ್ಳೇನಲ್ಲ.

ಹುಲ್ಲು ಮಾತ್ರ ನಿಜಕ್ಕೂ ಬೆಳೆದಿತ್ತು, ಮೊಣಕಾಲುದ್ದ,
ಎಲೆಯಂಚಿನಲ್ಲಿ ಉಪ್ಪಿನ ಹುಡಿ. ನೆಕ್ಕಿ ನೋಡಿದೆ.
ನಮ್ಮ ಕಡೆ ಕಣಕಿಯ ಬಣವೆಗೆ ಬೆನ್ನು ಕೊಟ್ಟು ಕೂತರೆ
ಸಿಹಿ ವಾಸನೆ ಲಂಗಕ್ಕೆಲ್ಲ ಹತ್ತುತ್ತಿತ್ತು.
ಇದಕ್ಕೆ ವಾಸನೆಯೇ ಇಲ್ಲ.
ಅದನ್ನು ಯಾರೂ ಕೇಳಿಯೂ ಇಲ್ಲ.

ಕೊಟ್ಟಿಗೆಯಲ್ಲಿ ನಲವತ್ತು ಆಡು.
ಇಪ್ಪತ್ತರ ಕಿವಿಗೆ ಕೆಂಪು ಬಿಲ್ಲೆ: ಇವಕ್ಕೆ ಗುಳಿಗೆ.
ಇಪ್ಪತ್ತಕ್ಕೆ ಹಳದಿ: ಇವಕ್ಕೆ ಹಳೆಯ ಮೇವಷ್ಟೇ,
ಹೋಲಿಸಿ ನೋಡುವುದಕ್ಕೆ.
ತೂಗಿದೆ. ಕೆಂಪೂ ದುಂಡಗಿವೆ, ಹಳದಿಯೂ ದುಂಡಗಿವೆ.

ಮೇವು ಹಾಕುವವನನ್ನು ಕರೆಸಿದೆ. ನೋವಾಖಾಲಿಯ ಮೋತಾಲೆಬ್,
ಕೈಗೆ ಒಣಮೀನಿನ ನಾತ,
ಅರ್ಧ ಹಿಂದಿ, ಅರ್ಧ ಅರಬಿ, ಉಳಿದದ್ದು ಕೈಸನ್ನೆ.
ಮೊದಲ ಹನ್ನೊಂದು ದಿನ ಒಂದೂ ಮೂಸಲಿಲ್ಲ, ದಕ್ತೂರಾ.
ಮುದುಕಿ ಜುವೈನಾ ಹೇಳಿಕೊಟ್ಟಳು:
ಒಣಮೀನು ಕುಟ್ಟು, ಖರ್ಜೂರದ ಬೀಜ ನೆನೆಹಾಕು,
ಗುಳಿಗೆಯ ಜೊತೆ ಕಲಸು.
ಕಲಸಿದೆ. ತಿಂದವು.

ಹಳದಿಯವಕ್ಕೆ?

ಅವನು ನೆಲ ನೋಡಿದ.
ಒಂದೇ ಗೋದಲಿ, ದಕ್ತೂರಾ.
ಇವು ತಿನ್ನುವಾಗ ಅವು ನೋಡುತ್ತವೆ.
ಎಲ್ಲಕ್ಕೂ ಹಾಕಿದೆ.

"ಬೂತಾಯಿ," ಎಂದ ಡ್ರೈವರ್ ಹಸನಬ್ಬ, ಉಳ್ಳಾಲದವ,
ಮೂಗಿನಲ್ಲೇ ಮೀನಿನ ಗುರುತು ಹಿಡಿದು.
ನನಗೆ ಬಾಯಿಗೆ ಬಂದದ್ದು ಬೇರೆ ಶಬ್ದ: ಪಂಕ್ತಿಭೇದ.
ಮೂರು ವರ್ಷದ ಪ್ರಯೋಗ,
ಒಬ್ಬನಿಗೆ ಅದು ಮಾಡಲು ಬಾರದೆ ಕೆಟ್ಟಿತು.

ಉಳಿದದ್ದು ಮರಿಗಳು. ತಕ್ಕಡಿಯ ಮೇಲೆ ನಿಲ್ಲುವುದಿಲ್ಲ.
ಅದಕ್ಕೇ ಮೋತಾಲೆಬ್ ಎತ್ತಿಕೊಂಡು ನಿಲ್ಲುತ್ತಾನೆ,
ಬಂದದ್ದರಲ್ಲಿ ಅವನನ್ನು ಕಳೆಯಬೇಕು.
ಐವತ್ತೇಳರಲ್ಲಿ ನಲವತ್ತೊಂಬತ್ತು ಹೋದರೆ ಎಂಟು.
ಐವತ್ತೆಂಟೂವರೆಯಲ್ಲಿ ನಲವತ್ತೊಂಬತ್ತು ಹೋದರೆ ಒಂಬತ್ತೂವರೆ.
ಒಳ್ಳೆಯ ತೂಕ. ನಾಲ್ಕಂಕ ಕೊಡಬಹುದು.

ತಾಳೆ ನೋಡಲು ಹಳೆಯ ಕಡತ ತಿರುವಿದೆ.
ಮೊದಲ ವರ್ಷ, ಬೇರೆ ಯಾರದೋ ದುಂಡು ಅಕ್ಷರ:
ಕಳೆಯಬೇಕಾದ ತೂಕ, ಐವತ್ತಾರು.
ಮರುವರ್ಷ, ಐವತ್ತೆರಡು.

ಪುಟದ ಬುಡದಲ್ಲಿ ಷರಾ, ಎರಡು ಗೆರೆ ಜಾಗ.
ಪೆನ್ನು ಹಿಡಿದು ಕೂತೆ.
ಹಸನಬ್ಬ ಹಾರ್ನ್ ಹೊಡೆದ, ಇನ್ನೂ ನಾಲ್ಕು ತೋಟ ಬಾಕಿ.
ಮೋತಾಲೆಬ್ ತಕ್ಕಡಿಯ ಮೇಲೇ ಇದ್ದ,
ಮರಿ ಅವನ ಅಂಗಿಯ ಗುಂಡಿ ಜಗಿಯುತ್ತಿತ್ತು.
"ಇಳಿಯಲೇ?" ಎಂದು ಕೇಳಿದ.