ಬಾಂಬೋಳಿ ಆಸ್ಪತ್ರೆಯ ಫಾರ್ಮು

ಮೇಡಂ ಕೊಂಕಣಿಯಲ್ಲಿ ಕೇಳಿದರು,
ನಾನೂ ಕೊಂಕಣಿಯಲ್ಲೇ ಹೇಳಿದೆ.
ಪೆನ್ನು ನಿಂತಿತು.
'ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ?'
ತಾಯಿಯ ಮೊಲೆಯಲ್ಲಿ, ಮೇಡಂ. ಹಳಿಯಾಳದ ಕಾಡಿನಲ್ಲಿ.
ಕನ್ನಡವೂ ಬರುತ್ತದೆ, ಅದನ್ನು ಕಲಿತದ್ದು
ಬೆಂಚು ಖಾಲಿಯಿದ್ದ ಶಾಲೆಯ ನೆಲದ ಮೇಲೆ.

ಎರಡು ವಾರದಿಂದ ನಿದ್ದೆ ಹೇಗೆ?
ಸೊನ್ನೆಯಿಂದ ಮೂರರ ತನಕ ಅಂಕ ಹಾಕಬೇಕು.
ಮಾಪುಸಾದ ಹೋಟೆಲಿನಲ್ಲಿ ಕಡಾಯಿ ತಿಕ್ಕಿ
ಕೋಣೆಗೆ ಹೊರಟಾಗ ಒಂದು ಗಂಟೆ,
ತಿರುವಿನಲ್ಲಿ ಪೊಲೀಸ್. 'ಪಾಸ್‌ಪೋರ್ಟ್?'
ಆಧಾರ್ ಕೊಟ್ಟೆ. ತಿರುವಿ ಮುರುವಿ ನೋಡಿ
ಉಗುರಿನಿಂದ ಕೆರೆದ,
ಬಣ್ಣ ಬಿಡುತ್ತದೇನೋ ಎಂಬಂತೆ.
ಇದಕ್ಕೆ ಎಷ್ಟು ಹಾಕಲಿ?

ಇನ್ನೊಂದಿದೆ, ಬಾಗಿಲು ಮುಂದೆ ಮಾಡಲಾ?
ನನಗೆ ಗಂಡಸರೇ ಇಷ್ಟ.
ಮೇಡಂ ಹುಬ್ಬು ಏರಿಸದೆ ಬರೆದುಕೊಂಡರು.
ಅಷ್ಟಕ್ಕೇ ನನಗೆ ಅಳು ಬಂತು.

ಫೋನಿನಲ್ಲಿ ನಮ್ಮಂಥವರ ಸಂತೆಯೊಂದಿದೆ.
ಕಪ್ಪಗಿನವರು ಬೇಡ ಎಂದು ಬರೆದೇ ಇಟ್ಟಿರುತ್ತಾರೆ ಕೆಲವರು;
ಕೆಲವರಿಗೆ ಅದೇ ಬೇಕು.
'ಯಾವ ದೇಶ?' ಬಾಯಲ್ಲಿ ನೀರೂರಿಸಿಕೊಂಡು ಕೇಳಿದ ಒಬ್ಬ.
ಹಳಿಯಾಳ ಅಂದೆ.
ಹಸಿರು ಚುಕ್ಕೆ ಆರಿತು.

ನನ್ನ ಮುತ್ತಜ್ಜನ ಮುತ್ತಜ್ಜ
ಈ ಸೀಮೆಯ ಯಾವುದೋ ದೊಡ್ಡಮನೆಯ ಅಂಗಳದಿಂದ
ರಾತೋರಾತ್ರಿ ಘಟ್ಟ ಹತ್ತಿ ಓಡಿದನಂತೆ.
ನಾಯಿಗಳು ಬೆನ್ನಟ್ಟಿದವಂತೆ.
ನಾನು ಅದೇ ಘಟ್ಟ ಇಳಿದೆ, ಬಸ್ಸಿನ ಕೊನೇ ಸೀಟಿನಲ್ಲಿ,
ಸಾಲ್ವದೋರನದೂ ನನ್ನದೂ ಸುದ್ದಿ ವಾಡೆಗೆ ತಿಳಿದ ಮರುದಿನ.
ನಾಯಿ ಬರಲಿಲ್ಲ.
ಯಾರೂ ಬೆನ್ನಟ್ಟಲಿಲ್ಲ.

ಎಂಟನೇ ಪ್ರಶ್ನೆ: ರಾತ್ರಿ ಎರಡಕ್ಕೆ
ಯಾರಿಗೆ ಫೋನ್ ಮಾಡಬಲ್ಲೆ? ಹೆಸರು, ನಂಬರು.

ಇಫೆಯಾನಿ ಇದ್ದ, ಲಾಗೋಸಿನವನು,
ನನ್ನ ಕೂದಲಿಗೆ ಕೈಹಚ್ಚಿದ ಒಬ್ಬನೇ ಕ್ಷೌರಿಕ. 'ಬ್ರದರ್' ಅನ್ನುತ್ತಿದ್ದ.
ವಿಷಯ ಗೊತ್ತಾದ ದಿನ ಕತ್ತರಿ ಕೆಳಗಿಟ್ಟ.
ಭಟ್ಟಿಯ ಗೋಕುಲದಾಸನಿಗೆ ಎಲ್ಲ ಗೊತ್ತು, ಏನೂ ಅನ್ನುವುದಿಲ್ಲ,
ನನ್ನ ಲೋಟ ಮಾತ್ರ ಬೇರೆ ಇಡುತ್ತಾನೆ.
ಅರ್ಧ ಎಂದು ಬರೆಯಬಹುದೇ?

ಮತ್ತೆ ಪಾಸ್ಕು ಮಾವಶಿ.
ಹೋದ ತಿಂಗಳು ಕಂಡಕ್ಟರನ ಕೈಯಲ್ಲಿ ಕೌದಿ ಕಳಿಸಿದಳು.
ಅವ್ವನ ಸೀರೆ, ನನ್ನ ಶಾಲೆಯಂಗಿಯ ತುಂಡು,
ನಾಲ್ಕೂ ಮೂಲೆಗೆ ಮಡಚಿ ಹೊಲಿದ ಹೂ.
ಹಾಸಿದರೆ ಇಬ್ಬರಿಗಾಗುವಷ್ಟು ಅಗಲ.
ಅಳತೆ ತಪ್ಪಿತೋ, ಅರಿತೇ ಹೊಲಿದಳೋ,
ಕೇಳೋಣವೆಂದರೆ
ಅವಳ ಹತ್ತಿರ ಫೋನಿಲ್ಲ.

ಹೆಸರು ಬರೆದುಕೊಳ್ಳಿ, ಮೇಡಂ, ನಂಬರು ಖಾಲಿ ಇರಲಿ.
ಈ ಸೆಕೆಯೂರಲ್ಲಿ ಕೌದಿ ಯಾರಿಗೆ ಬೇಕು?
ಆದರೂ ಹಾಸುತ್ತೇನೆ,
ಅರ್ಧದಲ್ಲಿ ಮಲಗುತ್ತೇನೆ.